ಮಂಗಳವಾರದ ಕಪ್ಪು ಬೀಜ

ವರ್ಷಕ್ಕೊಂದು ದಿನ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಮಕ್ಕಳು ಫೆರಿಕ್ ಕ್ಲೋರೈಡ್ ಬಾಟಲಿಯನ್ನು ಕೈಗೆತ್ತಿಕೊಳ್ಳುತ್ತಾರೆ. ಆ ದಿನ ನನಗೆ ಬೆಳಗ್ಗೆಯಿಂದಲೇ ಸಿಟ್ಟು. ಆ ಬಾಟಲಿಯಲ್ಲಿ ಇರುವುದು ಕಬ್ಬಿಣದ ನೀರು, ಬೇರೇನೂ ಅಲ್ಲ. ಚಹಾದ ಒಗರು ಇರುವ ನೀರಿಗೋ ಅಳಲೆಕಾಯಿ ನೆನೆಸಿದ ನೀರಿಗೋ ಅದರ ಎರಡು ಹನಿ ಬಿಟ್ಟರೆ ಸಾಕು, ತಿಳಿನೀರು ಕಣ್ಣೆದುರೇ ಕಡುನೀಲಿಯಾಗಿ, ಆಮೇಲೆ ಮಸಿಯ ಹಾಗೆ ಕಪ್ಪಾಗುತ್ತದೆ. "ಅಯ್ಯೋ ಮಿಸ್, ಎಷ್ಟು ಚೆಂದ!" ಅನ್ನುತ್ತಾರೆ ಹುಡುಗಿಯರು. ಚೆಂದವಂತೆ. ನಾನು ಹಲ್ಲು ಕಚ್ಚಿಕೊಂಡು, ನೋಡಿದ್ದನ್ನು ಬರೆದುಕೊಳ್ಳಿ ಎಂದು ಗದರುತ್ತೇನೆ. ಈ ಮೇಡಂಗೆ ಮೂಗಿನ ತುದಿಯಲ್ಲೇ ಕೋಪ ಅಂತ ಹೆಸರಾಗಿದೆ. ಆಗಲಿ.

ಆ ಬಣ್ಣ ನಮ್ಮಪ್ಪನ ಕೆಲಸವನ್ನು ತಿಂದ ಬಣ್ಣ.

ಹೆಗ್ಗದ್ದೆಯ ಆಚೆ ಒಂದು ಕಾಫಿ ಎಸ್ಟೇಟಿನಲ್ಲಿ ಅಪ್ಪ ಪಲ್ಪರ್ ಮೇಸ್ತ್ರಿಯಾಗಿದ್ದ. ನಾನು ಹುಟ್ಟುವ ಮೊದಲಿನಿಂದಲೂ ಅದೇ ಕೆಲಸ, ಅದೇ ಎಸ್ಟೇಟು. ನಮಗೂ ಒಂದು ಚೂರು ಗದ್ದೆಯಿತ್ತು, ಅದನ್ನು ಅಮ್ಮ ನೋಡಿಕೊಳ್ಳುತ್ತಿದ್ದಳು. ಅಪ್ಪನ ಜೀವವೆಲ್ಲ ಪಲ್ಪರ್ ಮನೆಯಲ್ಲಿ. ಸಂಜೆ ಕೊಯ್ದು ತಂದ ಕೆಂಪು ಹಣ್ಣನ್ನು ಪಲ್ಪರ್ ಯಂತ್ರಕ್ಕೆ ಸುರಿದರೆ ಉಬ್ಬುಗಳಿರುವ ಒಂದು ದೊಡ್ಡ ಉರುಳೆ ತಿರುಗಿ ಸಿಪ್ಪೆಯನ್ನು ಒಂದು ಕಡೆ, ಬೀಜವನ್ನು ಒಂದು ಕಡೆ ಉಗುಳುತ್ತದೆ. ಬೀಜದ ಮೈಗೆ ಲೋಳೆ ಅಂಟಿಕೊಂಡಿರುತ್ತದೆ. ಆ ಬೀಜವನ್ನು ತೊಟ್ಟಿಯಲ್ಲಿ ರಾಶಿ ಹಾಕಿ ಬಿಟ್ಟರೆ ಮರುದಿನ ಬೆಳಗಾಗುವಷ್ಟರಲ್ಲಿ ಲೋಳೆ ಹುಳಿ ಬಂದು ತಾನೇ ಕರಗುತ್ತದೆ. ಆಗ ತೊಳೆದು ಕಣದಲ್ಲಿ ಹರಡಬೇಕು. ಬೇಗ ತೊಳೆದರೆ ಲೋಳೆ ಉಳಿಯುತ್ತದೆ, ತಡವಾದರೆ ಬೀಜಕ್ಕೇ ಹುಳಿ ಹೊಡೆಯುತ್ತದೆ. ಆ ಗಳಿಗೆ ಯಾವುದು ಅಂತ ಹೇಳುವವನೇ ಪಲ್ಪರ್ ಮೇಸ್ತ್ರಿ.

ಅಪ್ಪ ಕಂಬಳಿ ಹೊದ್ದು ರಾತ್ರಿಯೆಲ್ಲ ತೊಟ್ಟಿಯ ಪಕ್ಕ ಕೂರುತ್ತಿದ್ದ, ಗಡಿಯಾರ ನೋಡುತ್ತಿರಲಿಲ್ಲ. ತೊಟ್ಟಿಗೆ ಕೈ ಹಾಕಿ ಒಂದು ಹಿಡಿ ಬೀಜ ತೆಗೆದು ಕಿವಿಯ ಹತ್ತಿರ ಹಿಡಿದು ಹಿಂಡುತ್ತಿದ್ದ. ಲೋಳೆ ಇದ್ದರೆ ಬೀಜ ಸದ್ದಿಲ್ಲದೆ ಜಾರುತ್ತದೆ. ಕರಗಿದ್ದರೆ ಜಲ್ಲಿಕಲ್ಲು ಉಜ್ಜಿದ ಹಾಗೆ ಕರಕರ ಅನ್ನುತ್ತದೆ. ಆಮೇಲೆ ರಾಶಿಗೆ ಒಂದು ಕೋಲು ಚುಚ್ಚಿ ತೆಗೆಯುತ್ತಿದ್ದ. ತೂತು ಮುಚ್ಚದೆ ಹಾಗೇ ನಿಂತರೆ, "ಬುಡ್ರೋ ನೀರು" ಅನ್ನುತ್ತಿದ್ದ. ಅವನು ತೊಳೆಸಿದ ಬೀಜ ಕಣದಲ್ಲಿ ಒಣಗಿದರೆ ಹಾಲುಕೆನೆಯ ಬಣ್ಣ. ಕಾಫಿ ಕೊಳ್ಳುವವರು ಬಂದಾಗ ಸಾಹುಕಾರರು ಒಂದು ಬೊಗಸೆ ಎತ್ತಿ ತೋರಿಸಿ, "ನಮ್ಮ ಮೇಸ್ತ್ರಿ ಕೈದು" ಅಂತ ಹೆಮ್ಮೆ ಪಡುತ್ತಿದ್ದರು. ಸಾಹುಕಾರರು ಅಂದರೆ ಎಸ್ಟೇಟಿನ ಯಜಮಾನರು. ಕೆಟ್ಟವರಲ್ಲ, ಒಳ್ಳೆಯ ಮಾತಿನವರು. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಅದಕ್ಕೇ.

ತೊಂಬತ್ತರ ದಶಕದ ಕೊನೆಯ ಒಂದು ವರ್ಷ, ನಾನು ಪಿಯುಸಿ ಓದುತ್ತಿದ್ದಾಗ, ಪಲ್ಪರ್ ಉರುಳೆಯ ತಗಡು ಸವೆದು ಹೋಯಿತು. ಆ ಉಬ್ಬಿನ ತಗಡು ತಾಮ್ರದ್ದು. ನಮ್ಮ ಕಡೆ ಎಲ್ಲ ಪಲ್ಪರಿಗೂ ತಾಮ್ರವೇ. ಯಾಕೆ ತಾಮ್ರ ಅಂತ ಯಾರೂ ಕೇಳಿದವರಲ್ಲ, ಹೇಳಿದವರೂ ಅಲ್ಲ. ಸಾಹುಕಾರರಿಗೆ ತಾಮ್ರ ದುಬಾರಿ ಅನ್ನಿಸಿತು. ಕೆ. ಹೊಸಕೋಟೆಯ ಕಡೆಯ ಒಬ್ಬ ತಗಡಿನ ಕೆಲಸದವನನ್ನು ಕರೆಸಿ, ಮನೆಗೆ ಹೊದಿಸುವ ಸತುವಿನ ಲೇಪದ ಕಬ್ಬಿಣದ ತಗಡಿಗೇ ಹಳೆಯದರ ಅಳತೆಯಲ್ಲಿ ಉಬ್ಬು ಹೊಡೆಸಿ ಉರುಳೆಗೆ ಸುತ್ತಿಸಿದರು. "ಅದೂ ಉಬ್ಬು, ಇದೂ ಉಬ್ಬು. ಹಣ್ಣಿಗೆ ಏನ್ ಗೊತ್ತಾಗ್ತದೆ?" ಅಂತ ನಕ್ಕರಂತೆ. ಹಳೆ ತಾಮ್ರವನ್ನು ಸವೆಯದ ಕಡೆ ಕತ್ತರಿಸಿ, ತಟ್ಟಿಸಿ, ಬಂಗಲೆ ಜಗುಲಿಯ ಹೂವಿನ ಪೆಟ್ಟಿಗೆಗೆ ಹೊದಿಸಿದರು. ಹಣ್ಣಿಗೆ ಗೊತ್ತಾಗುವುದಿಲ್ಲ, ಸೇವಂತಿಗೆಗೆ ತಾಮ್ರ ಬೇಕು!

ಮೊದಲ ಕೆಲವು ವಾರ ಏನೂ ಆಗಲಿಲ್ಲ. ಬೀಜ ಎಂದಿನ ಹಾಗೆ ಬೆಳ್ಳಗೆ ಬಂತು. ಹೊಸ ತಗಡಿನ ಮಾತನ್ನು ಎಲ್ಲರೂ ಮರೆತರು. ಆಮೇಲೆ ಕೊಯ್ಲು ಜೋರಾದಾಗ ಒಂದು ಮಂಗಳವಾರ ಬೆಳಗ್ಗೆ ತೊಳೆದ ಬೀಜ ಬೂದಿಬಣ್ಣಕ್ಕೆ ಬಂತು. ಒಣಗುತ್ತ ಒಣಗುತ್ತ ಕಣದಲ್ಲಿ ಅಲ್ಲಲ್ಲಿ ನೀಲಿಗಪ್ಪಿಗೆ ತಿರುಗಿತು. ಬುಧವಾರದ್ದು ಪರವಾಗಿಲ್ಲ. ಗುರುವಾರ, ಶುಕ್ರವಾರದ್ದು ಇನ್ನೂ ವಾಸಿ. ಮುಂದಿನ ಮಂಗಳವಾರ ಮತ್ತೆ ಕಪ್ಪು. ಅದರ ಮುಂದಿನ ಮಂಗಳವಾರ ಇನ್ನೂ ಕಪ್ಪು.

ಮಂಗಳವಾರ ತೊಳೆಯುವುದು ಅಂದರೆ ಸೋಮವಾರ ಪಲ್ಪರಿಗೆ ಹಾಕಿದ ಹಣ್ಣು. ಸೋಮವಾರದ ಹಿಂದಿನ ದಿನ ಭಾನುವಾರ. ಶನಿವಾರದ ಬೀಜ ಬೆಳಗ್ಗೆ ತೊಳೆದು ಹರಡಿದರೆ ಭಾನುವಾರ ರಜೆ. ರಜೆಯ ದಿನ ಲೈನ್ ಮನೆಗಳಲ್ಲಿ, ಅಂದರೆ ಎಸ್ಟೇಟಿನ ಆಳುಗಳ ಸಾಲುಮನೆಗಳಲ್ಲಿ, ಗಂಡಸರು ಏನು ಮಾಡುತ್ತಾರೆ ಅಂತ ಎಲ್ಲರಿಗೂ ಗೊತ್ತು. ಎಸ್ಟೇಟಿನ ರೈಟರ್, ಅಂದರೆ ಹಾಜರಿ ಬರೆಯುವ ಗುಮಾಸ್ತ, ಲೆಕ್ಕದಲ್ಲಿ ಬಹಳ ಚುರುಕು. ಬೆರಳು ಮಡಚಿ ಎಣಿಸಿದ. ಸಾಹುಕಾರರ ಕಿವಿಯಲ್ಲಿ ಊದಿದ.

"ಭಾನುವಾರ ಹಾಕ್ಕತಾನೆ, ಸೋಮವಾರನೂ ಇಳಿದಿರಕಿಲ್ಲ. ತೊಟ್ಟಿ ತಾವ ಬಿದ್ಕಂಡಿರ್ತಾನೆ, ಬೀಜ ಹುಳಿ ಹೊಡೆದು ಕಪ್ಪಾಗ್ತೈತೆ. ಇನ್ನೇನು ಮಂಗಳವಾರಕ್ಕೆ ಶನಿ ಹಿಡಿದೈತಾ?"

ಎಷ್ಟು ಸಲೀಸಾದ ಲೆಕ್ಕ. ಎಲ್ಲರೂ ಒಪ್ಪಿದರು. ಯಂತ್ರದ ಮೇಲೆ ಗೂಬೆ ಕೂರಿಸಿದರೆ ಅದನ್ನು ತಂದವರ ಮೇಲೂ ಕೂರಿಸಬೇಕಾಗುತ್ತದೆ. ಮನುಷ್ಯನ ತಲೆ ಮೇಲೆ ಕೂರಿಸುವುದು ಸುಲಭ. ಅಪ್ಪ ಕುಡಿಯುತ್ತಲೇ ಇರಲಿಲ್ಲ ಅಂತ ನಾನು ಸುಳ್ಳು ಹೇಳುವುದಿಲ್ಲ. ಹಬ್ಬಕ್ಕೆ ಹುಣ್ಣಿಮೆಗೆ ಸ್ವಲ್ಪ ಹಾಕಿಕೊಳ್ಳುತ್ತಿದ್ದ. ಆದರೆ ಕೊಯ್ಲು ಶುರುವಾದರೆ ಮುಗಿಯುವವರೆಗೆ ಮುಟ್ಟುತ್ತಿರಲಿಲ್ಲ. ಮೂಗಿಗೆ ತೊಟ್ಟಿಯ ವಾಸನೆ ಸರಿಯಾಗಿ ಹತ್ತಬೇಕು ಅಂತ ಬೀಡಿಯನ್ನೂ ಬಿಡುತ್ತಿದ್ದ.

ಅಪ್ಪ ಹೇಳಿದ್ದು ಎರಡೇ ಮಾತು. "ನಾ ಕುಡಿದಿಲ್ಲ. ತೊಟ್ಟಿ ಬುಟ್ಟು ಅಲ್ಲಾಡಿಲ್ಲ." ಯಾಕೆ ಕಪ್ಪಾಯಿತು ಅಂತ ಕೇಳಿದರೆ ಅವನಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದವನು ತಪ್ಪಿತಸ್ಥ, ಅಷ್ಟೇ. ಅವನು ತನಗೆ ತಿಳಿದದ್ದು ಮಾಡಿದ. ತೊಟ್ಟಿಯಲ್ಲೋ ಯಂತ್ರದಲ್ಲೋ ಹಳೆ ಹುಳಿ ಕೂತಿರಬೇಕು ಅಂತ ಶನಿವಾರದ ಕೆಲಸ ಮುಗಿದ ಮೇಲೆ ತೆಂಗಿನ ನಾರು ಹಿಡಿದು ಉರುಳೆಯ ಒಂದೊಂದು ಉಬ್ಬನ್ನೂ ಉಜ್ಜಿ, ಕೊಡಗಟ್ಟಲೆ ನೀರು ಹೊಯ್ದು ತೊಳೆದ. ಭಾನುವಾರ ರಜೆಯಲ್ಲೂ ಹೋಗಿ ಇನ್ನೊಂದು ಸಲ ನೀರು ಹೊಯ್ದು ಬಂದ. ಮಂಗಳವಾರ ಬೀಜ ಎಂದಿಗಿಂತ ಕಪ್ಪಾಗಿತ್ತು.

ಸಾಹುಕಾರರು ಬೈಯಲಿಲ್ಲ. ಅಷ್ಟು ಜನರ ಎದುರು ತೊಟ್ಟಿಯ ಪಕ್ಕ ನಿಂತು, "ವಯಸ್ಸಾಯ್ತು ಬಿಡು ಮಾರಾಯ, ನಿಂಗೆ ರೆಸ್ಟ್ ಬೇಕು" ಅಂದರು. ರೆಸ್ಟ್ ಅಂದರೆ ಏನು ಕೊಟ್ಟರು ಗೊತ್ತೆ? ಕೊಯ್ಲು ಮುಗಿಯುವ ತನಕ ಗೊಬ್ಬರ ಹೊರುವುದು, ಆಮೇಲೆ ಮರಗಸಿ. ಮರಗಸಿ ಅಂದರೆ ಕಾಫಿಗೆ ಬಿಸಿಲು ಬೀಳಲಿ ಅಂತ ನೆರಳು ಮರ ಹತ್ತಿ ಕೊಂಬೆ ಕಡಿಯುವ ಕೆಲಸ. ಹುಡುಗರು ಹತ್ತಲು ಹೆದರುವ ಮರ. ಅದಕ್ಕೆ ಐವತ್ತು ದಾಟಿದವನು.

ಲೈನಿನಲ್ಲಿ ಅವನಿಗೆ ಕಪ್ಪು ಮೇಸ್ತ್ರಿ ಅಂತ ಹೆಸರಾಯಿತು. ಯಾರದಾದರೂ ಮನೆಯಲ್ಲಿ ಕಾಫಿ ಸ್ವಲ್ಪ ಕಹಿಯಾದರೆ, "ಮೇಸ್ತ್ರಿ ಕೈ ತಾಗಿತ್ತೇನೋ" ಅನ್ನುವರು, ನಗುವರು. ನಗುತ್ತಿದ್ದವರಲ್ಲಿ ಅಪ್ಪನ ಕೈಕೆಳಗೆ ಕೆಲಸ ಕಲಿತವರೂ ಇದ್ದರು. ಅಮ್ಮ ನೀರಿಗೆ ಹೋಗುವ ಹೊತ್ತು ಬದಲಿಸಿಕೊಂಡಳು. ಅಪ್ಪ ನಗುವವರಿಗೆ ತಿರುಗಿ ಒಂದು ಮಾತೂ ಆಡಲಿಲ್ಲ. ಆಡಬೇಕಿತ್ತು. ಉಗಿದು ಉಪ್ಪಿನಕಾಯಿ ಹಾಕಬೇಕಿತ್ತು. ಕೊಂಬೆ ಕಡಿದು ಗಾಯವಾದ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಸುಮ್ಮನೆ ಕೂರುತ್ತಿದ್ದ.

ಮುಂದಿನ ಸುಗ್ಗಿಗೆ ಪಲ್ಪರಿಗೆ ಬೇರೆ ಆಳು ಬಂದ. ಅವನ ಕಾಲದಲ್ಲೂ ಬೀಜ ಕಪ್ಪಾಯಿತು. ಆಗಲೂ ಯಾರಿಗಾದರೂ ತಗಡಿನ ಮೇಲೆ ಅನುಮಾನ ಬಂತೆ? ಇಲ್ಲ. "ಹಳೇ ಮೇಸ್ತ್ರಿ ತೊಟ್ಟಿ ಕೆಡಿಸಿಬುಟ್ಟವ್ನೆ, ತೊಟ್ಟಿಗೇ ಹುಳಿ ಇಳಿದೈತೆ" ಅಂದರು. ಗಾರೆ ಕೆತ್ತಿಸಿ ಹೊಸ ಗಾರೆ ಬಳಿಸಿದರು! ಅಪ್ಪ ಇಲ್ಲದ ತೊಟ್ಟಿಯಲ್ಲೂ ಅಪ್ಪನದೇ ತಪ್ಪು.

ನಾನು ಹಾಸನದಲ್ಲಿ ಬಿ.ಎಸ್ಸಿ. ಸೇರಿದ್ದೆ. ಎರಡನೇ ವರ್ಷದ ಕೆಮಿಸ್ಟ್ರಿ ಪ್ರಾಕ್ಟಿಕಲ್ಸ್. ಮೇಜಿನ ಮೇಲೆ ಹೆಸರಿಲ್ಲದ ಪುಡಿ ಇಟ್ಟು ಇದು ಏನು ಅಂತ ಕಂಡುಹಿಡಿಯಿರಿ ಅನ್ನುತ್ತಿದ್ದರು. ನಾನು ನೀರಲ್ಲಿ ಕರಗಿಸಿ ಫೆರಿಕ್ ಕ್ಲೋರೈಡಿನ ಎರಡು ಹನಿ ಬಿಟ್ಟೆ. ನೀಲಿಗಪ್ಪು. ಆ ಬಣ್ಣ ನಾನು ಮೊದಲು ನೋಡಿದ್ದು ಪುಸ್ತಕದಲ್ಲಲ್ಲ, ಎಸ್ಟೇಟಿನ ಕಣದಲ್ಲಿ. ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಎಷ್ಟು ಹೊತ್ತು ನಿಂತೆನೋ, ಪಕ್ಕದ ಹುಡುಗಿ ಹುಷಾರಿಲ್ವೇನೇ ಅಂದಳು.

ಅವತ್ತು ಮೇಷ್ಟ್ರನ್ನು ಬಿಡಲಿಲ್ಲ. ಕಾರಿಡಾರಿನಲ್ಲಿ ಅಡ್ಡ ಹಾಕಿ ಕೇಳಿದೆ. ಅವರು ಹೇಳಿದ್ದನ್ನು ನನ್ನ ಮಾತಲ್ಲಿ ಹೇಳುತ್ತೇನೆ. ಕಾಫಿ ಹಣ್ಣಿನಲ್ಲಿ ಒಗರಿನ ಕಣಗಳಿವೆ. ಅವಕ್ಕೆ ಪಕ್ಕಪಕ್ಕದಲ್ಲೇ ಎರಡು ಹಿಡಿ, ಇಕ್ಕಳದ ಎರಡು ಬಾಯಿಯ ಹಾಗೆ. ಕಬ್ಬಿಣ ಸಿಕ್ಕಿತೋ, ಎರಡೂ ಕಡೆಯಿಂದ ಕಚ್ಚಿ ಹಿಡಿಯುತ್ತವೆ. ಹಾಗೆ ಕಚ್ಚಿಕೊಂಡದ್ದು ಗಾಳಿ ತಾಗುತ್ತ ಕಪ್ಪಾಗುತ್ತದೆ, ಮತ್ತೆ ನೀರಿಗೆ ಬಿಡುವುದಿಲ್ಲ. ಗಟ್ಟಿ ತಗಡಿನಿಂದ ಕಬ್ಬಿಣ ಬಿಡಿಸಿ ಕೊಡುವುದು ಹುಳಿ ಮತ್ತು ತುಕ್ಕು. ಲೋಳೆ ಒಡೆದು ಕರಗುವಾಗ ಹುಳಿ ಹುಟ್ಟುತ್ತದೆ, ಆ ಹುಳಿ ತುಕ್ಕನ್ನು ಕರಗಿಸುತ್ತದೆ, ಒಗರು ಅದನ್ನು ಹಿಡಿಯುತ್ತದೆ. ತಾಮ್ರ ಈ ಹುಳಿಗೆ ಅಷ್ಟು ಬೇಗ ಬಗ್ಗುವುದಿಲ್ಲ. ಒಂದಿಷ್ಟು ಬಗ್ಗಿದರೂ ಹೀಗೆ ಮಸಿ ಕಟ್ಟುವುದಿಲ್ಲ. ಬಾಳೆಕಾಯಿ ಹೆಚ್ಚಿದ ಕತ್ತಿ ಕಪ್ಪಾಗುವುದನ್ನು ನಮ್ಮ ಊರಿನ ಒಂದೊಂದು ಹೆಂಗಸೂ ದಿನಾ ನೋಡುತ್ತಾಳೆ. ನೋಡಿ ಕತ್ತಿ ತೊಳೆದು ಇಡುತ್ತಾಳೆ. ನಾನೂ ತೊಳೆದು ಇಟ್ಟವಳೇ.

ಹಾಸ್ಟೆಲಿನ ಮಂಚದ ಮೇಲೆ ಕೂತು ಒಂದೊಂದೇ ಜೋಡಿಸಿಕೊಂಡೆ. ಮೊದಲ ವಾರಗಳಲ್ಲಿ ಬೀಜ ಯಾಕೆ ಬೆಳ್ಳಗಿತ್ತು? ತಗಡಿನ ಮೇಲೆ ಸತುವಿನ ಲೇಪ ಇತ್ತು. ಹಣ್ಣು ಉಜ್ಜಿ ಉಜ್ಜಿ ಉಬ್ಬಿನ ತುದಿಯಲ್ಲಿ ಅದು ಸವೆಯಿತು, ಕಬ್ಬಿಣ ಹೊರಬಿತ್ತು. ಮಂಗಳವಾರವೇ ಯಾಕೆ? ಬೇರೆ ದಿನಗಳಲ್ಲಿ ಹಣ್ಣು ಉರುಳೆಯನ್ನು ಸಂಜೆ ಸಂಜೆಗೂ ಉಜ್ಜುತ್ತದೆ, ತುಕ್ಕು ಕೂರಲು ಬಿಡುವಿಲ್ಲ. ಶನಿವಾರ ಸಂಜೆಯಿಂದ ಸೋಮವಾರ ಸಂಜೆಯವರೆಗೆ ಒದ್ದೆ ಉರುಳೆ ಸುಮ್ಮನೆ ನಿಂತಿರುತ್ತದೆ. ಎರಡು ದಿನದ ತುಕ್ಕೆಲ್ಲ ಸೋಮವಾರದ ಹಣ್ಣಿನ ಜೊತೆ ತೊಟ್ಟಿಗೆ ಇಳಿಯುತ್ತದೆ. ಭಾನುವಾರ ರಜೆ ಮಾಡಿದ್ದು ಯಂತ್ರ. ಕುಡಿದ ಅಂತ ಹೆಸರು ಬಂದದ್ದು ಅಪ್ಪನಿಗೆ. ಇನ್ನು ಅವನು ಹೊಯ್ದ ಕೊಡಗಟ್ಟಲೆ ನೀರು! ತಾಮ್ರಕ್ಕೆ ಅದು ಸರಿಯಾದ ಆರೈಕೆ. ಆದರೆ ಈಗ ಇದ್ದದ್ದು ಕಬ್ಬಿಣ, ಅವನು ಭಾನುವಾರವೂ ಬಿಡದೆ ಹೋಗಿ ತುಕ್ಕಿಗೆ ನೀರುಣಿಸಿ ಬರುತ್ತಿದ್ದ. ಚೊಕ್ಕ ಕೆಲಸ ಮಾಡಿದಷ್ಟೂ ಬೀಜ ಕಪ್ಪಾಗುತ್ತಿತ್ತು. ದಿಂಬನ್ನು ಗೋಡೆಗೆ ಬೀಸಿ ಒಗೆದೆ.

ಆ ಶನಿವಾರವೇ ಬಸ್ಸು ಹಿಡಿದು ಊರಿಗೆ ಹೋದೆ. ಕೊಯ್ಲಿನ ಕಾಲ. ನಮ್ಮ ಹಿತ್ತಲಿನ ಗಿಡದ ಹಣ್ಣು ಕೊಯ್ದು ಕೈಯಿಂದ ಹಿಚುಕಿ ಮೂರು ಗಾಜಿನ ಲೋಟಕ್ಕೆ ಲೋಳೆ ಬೀಜ ಹಾಕಿದೆ. ಒಂದಕ್ಕೆ ಏನೂ ಇಲ್ಲ, ಒಂದಕ್ಕೆ ತಾಮ್ರದ ತಂತಿ, ಒಂದಕ್ಕೆ ತುಕ್ಕು ಹಿಡಿದ ಎರಡು ಮೊಳೆ. ಅಪ್ಪ ಬಾಗಿಲಲ್ಲಿ ನಿಂತು ನೋಡಿದ. ಮರುದಿನ ಬೆಳಗ್ಗೆ ಮೊಳೆಯ ಲೋಟ ಮಸಿ ದೌತಿಯಾಗಿತ್ತು. ಉಳಿದೆರಡು ಬೆಳ್ಳಗೆ ಕೂತಿದ್ದವು. ಮೂರನ್ನೂ ತಟ್ಟೆಯಲ್ಲಿಟ್ಟುಕೊಂಡು ಬಂಗಲೆಗೆ ಹೋದೆ.

ಸಾಹುಕಾರರು ಜಗುಲಿಯಲ್ಲಿ ಕಾಫಿ ಕುಡಿಯುತ್ತಿದ್ದರು. ರೈಟರ್ ಪಕ್ಕದಲ್ಲಿ ನಿಂತಿದ್ದ. ನಾನು ಲೋಟ ಇಟ್ಟು ಮೊದಲಿಂದ ಕೊನೆವರೆಗೆ ಹೇಳಿದೆ. ಸತು, ತುಕ್ಕು, ಭಾನುವಾರ, ಮಂಗಳವಾರ. ಸಾಹುಕಾರರು ಮೊಳೆಯ ಲೋಟ ಎತ್ತಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ದಡ್ಡರಲ್ಲ, ಅರ್ಥವಾಯಿತು. ಮುಖ ಒಂದು ಗಳಿಗೆ ಕೆಂಪಾಯಿತು. ಆಮೇಲೆ ಲೋಟ ಕೆಳಗಿಟ್ಟು ನಕ್ಕರು.

"ನೋಡಿದ್ಯೇನೋ ರೈಟರ್? ಓದ್ಸಿದ್ರೆ ಹಿಂಗೆ ಉಪಯೋಗಕ್ಕೆ ಬರ್ತದೆ. ಜಾಣೆ ಕಣವ್ವ ನೀನು. ಕಾಫಿ ಕುಡಿ."

ನಾನು ಕುಡಿಯಲಿಲ್ಲ.

ಹದಿನೈದು ದಿನದಲ್ಲಿ ಉರುಳೆಗೆ ಹೊಸ ತಾಮ್ರ ಬಂತು. ಬೀಜ ಬೆಳ್ಳಗಾಯಿತು. ಲೈನಿನಲ್ಲಿ ಏನು ಹೇಳಿಕೊಂಡರು ಅಂದರೆ, ತೊಟ್ಟಿಗೆ ಬಳಿಸಿದ ಹೊಸ ಗಾರೆ ಈಗ ಪಳಗಿತು, ಹಳೆ ಹುಳಿ ಬಿಟ್ಟುಹೋಯಿತು ಅಂತ. ಬಂಗಲೆಯಿಂದ ಅದನ್ನು ಯಾರೂ ತಿದ್ದಲಿಲ್ಲ. ರೈಟರ್ ಬಾಯಿಗೆ ಬೀಗ ಬಿದ್ದಿತ್ತು, ಅದೂ ಈಗ!

ಆಮೇಲೊಂದು ಭಾನುವಾರ ನಾನು ಊರಿಗೆ ಬಂದಿದ್ದಾಗ ಸಾಹುಕಾರರು ತಾವೇ ನಮ್ಮ ಮನೆಗೆ ಬಂದರು. ಅಮ್ಮ ಗಡಿಬಿಡಿಯಿಂದ ಚಾಪೆ ಹಾಸಿದಳು. ಅಪ್ಪ ಎದ್ದು ನಿಂತ. ಸಾಹುಕಾರರು ಅವನ ಹೆಗಲ ಮೇಲೆ ಕೈಯಿಟ್ಟು ಪ್ರೀತಿಯಿಂದಲೇ ಹೇಳಿದರು:

"ಆಗಿದ್ದು ಆಗೋಯ್ತು ಮಾರಾಯ. ನಾ ಯಾವತ್ತೂ ಮನಸ್ಸಲ್ಲಿ ಇಟ್ಕಂಡಿಲ್ಲ, ಅವತ್ತೇ ಕ್ಷಮಿಸಿಬುಟ್ಟೆ. ನಾಳೆಯಿಂದ ಪಲ್ಪರ್‌ಗೆ ಬಾ."

ಕ್ಷಮಿಸಿದರಂತೆ! ಯಾವ ತಪ್ಪಿಗೆ? ನಾನು ಬಾಯಿ ತೆರೆದೆ. ಅಪ್ಪ ನನ್ನ ಕಡೆ ನೋಡದೆ ಒಂದು ಕೈ ಎತ್ತಿ ತಡೆದ. ಆಮೇಲೆ ನಿಧಾನವಾಗಿ ಹೇಳಿದ.

"ಬರಾಕಿಲ್ಲ ಅಂತಲ್ಲ ಬುದ್ದಿ. ತೊಟ್ಟಿ ತಾವ ನಿಂತು ಅವತ್ತು ಎಲ್ರ ಮುಂದೆ ಹೇಳಿದ್ರಲ್ಲ, ಅಂಗೇ ಅಲ್ಲೇ ನಿಂತು, ತಪ್ಪು ತಗಡಿಂದು ಅಂತ ಒಂದ್ಮಾತು ಹೇಳ್ಬುಡಿ. ಅವತ್ತೇ ಬತ್ತೀನಿ."

ಸಾಹುಕಾರರ ಕೈ ಹೆಗಲಿಂದ ಇಳಿಯಿತು. "ಅದೆಲ್ಲ ಈಗ ಯಾಕೋ," ಅಂದರು. "ಜನ ಏನೇನೋ ಆಡ್ಕತಾರೆ." ಚಾಪೆಯ ಮೇಲೆ ಕೂರದೆಯೇ ಹೊರಟರು. ಆ ಮಾತನ್ನು ಅವರು ಯಾವತ್ತೂ ಹೇಳಲಿಲ್ಲ, ಅಪ್ಪ ಯಾವತ್ತೂ ಹೋಗಲಿಲ್ಲ. ಮುಂದೆ ದೋಣಿಗಲ್ಲಿನ ಹತ್ತಿರ ಯಾರದೋ ಸಣ್ಣ ತೋಟದಲ್ಲಿ ಕಳೆ ಹೊಡೆಯುವ ಕೆಲಸಕ್ಕೆ ಹೋದ.

ಅವರ ಜೀಪಿನ ಸದ್ದು ಅಡಗುವ ಮೊದಲೇ ನಾನು ಶುರು ಮಾಡಿದೆ. ಬಾಯಿಗೆ ಬಂದ ಹಾಗೆ ಬೈದೆ. ಸಾಹುಕಾರರನ್ನು, ರೈಟರನ್ನು, ಲೈನಿನವರನ್ನು, ಯಾರನ್ನೂ ಬಿಡಲಿಲ್ಲ. ಅಮ್ಮ ಕೈ ಹಿಡಿದು ಎಳೆದರೂ ನಿಲ್ಲಲಿಲ್ಲ. "ಇಷ್ಟು ವರ್ಷ ಕಣ್ಣಾರೆ ಕಂಡ ಮನುಷ್ಯ," ಅಂದೆ. "ಕುಡಿದಿಲ್ಲ ಅಂತ ಬಾಯಿ ಬಿಟ್ಟು ಹೇಳಿದ್ರೆ ನಂಬಲಿಲ್ಲ. ನಂಬೋಕೆ ಅವರಿಗೆ ಮೂರು ಲೋಟ ಬೇಕಾಯ್ತಲ್ಲಪ್ಪ!"

ಅಪ್ಪ ಹೊಸ್ತಿಲ ಮೇಲೆ ಕೂತು ಹೊರಗೆ ನೋಡುತ್ತಿದ್ದ.

"ನಿಂಗೂ ಬೇಕಾಯ್ತಲ್ಲವ್ವ," ಅಂದ.

ಅಪ್ಪ ಸಿಟ್ಟಿನಿಂದ ಹೇಳಲಿಲ್ಲ. ಹವಾ ಹೇಗಿದೆ ಅನ್ನುವ ದನಿಯಲ್ಲಿ ಮುಂದುವರಿಸಿದ.

"ಮೊದಲ್ನೇ ಸತಿ ಕಪ್ಪಾದ ಮಂಗಳವಾರ, ಬೀಜ ತೊಳೆಸಿ ಬಂದು ಇಲ್ಲೇ ಮಲಗಿದ್ನಲ್ಲ. ನೀನು ಬಗ್ಗಿ ನನ್ ಕಂಬಳಿ ಮೂಸಿದೆ. ನಿದ್ದೆ ಬಂದಿರ್ಲಿಲ್ಲ ನಂಗೆ."

ಹೌದು, ಮೂಸಿದ್ದೆ. ಬೀಜ ಬೂದಿಬಣ್ಣಕ್ಕೆ ಬಂತು ಅಂತ ಅವನು ಅಮ್ಮನಿಗೆ ಹೇಳಿದ್ದು ಕಿವಿಗೆ ಬಿದ್ದು, ಕಾಲೇಜಿಗೆ ಹೊರಟವಳು ಚಪ್ಪಲಿ ಬಿಟ್ಟು, ಸದ್ದಾಗದ ಹಾಗೆ ಮಂಡಿಯೂರಿ, ಮುಖ ಹತ್ತಿರ ತಂದು ಮೂಸಿದ್ದೆ. ಹುಳಿ ವಾಸನೆ ಬಂತು. ಹೆಂಡ ಅಂದುಕೊಂಡು ಎದ್ದು ಹೋದೆ. ರೈಟರ್ ಬೆರಳು ಮಡಚುವುದಕ್ಕೆ ಮೊದಲೇ ನನ್ನ ಲೆಕ್ಕ ಮುಗಿದಿತ್ತು. ಎರಡು ವರ್ಷ ಅದನ್ನು ಯಾರಿಗೂ ಹೇಳದೆ, ನಾಚಿಕೆಯಾಗಿ, ಅಪ್ಪನ ಮುಖ ಸರಿಯಾಗಿ ನೋಡದೆ ಓಡಾಡಿದೆ. ಹಣ್ಣು ಹುಳಿ ಬರುವ ತೊಟ್ಟಿಯ ಪಕ್ಕ ಕೂತು ಬೆಳಗು ಮಾಡಿ ಬಂದವನ ಕಂಬಳಿಗೆ ತೊಟ್ಟಿಯ ಹುಳಿ ವಾಸನೆಯಲ್ಲದೆ ಇನ್ನೇನು ಬರಬೇಕಿತ್ತು? ಹುಟ್ಟಿದಾಗಿನಿಂದ ಅದೇ ಕಂಬಳಿಯಲ್ಲಿ ಮಲಗಿ ಬೆಳೆದವಳಿಗೆ ಅದು ಗೊತ್ತಿರಬೇಕಿತ್ತು.